ಬಾವಿಯೇ ಇಲ್ಲವೆಂದ ಜವಾಬು

ಕಪ್ಪು ಕೋಟನ್ನು ಹೊಸದಾಗಿ ಹೊಲಿಸಿಕೊಂಡ ಹುಡುಗರು ಆಗಾಗ ನನ್ನ ಮನೆಯ ಜಗುಲಿಗೆ ಬರುತ್ತಾರೆ. ನಿವೃತ್ತನಾದ ವಕೀಲನೆಂದರೆ ಅವರ ಲೆಕ್ಕದಲ್ಲಿ ಬೀಗ ಹಾಕದ ಪುಸ್ತಕದ ಬೀರು. "ಸಾರ್, ಡ್ರಾಫ್ಟಿಂಗ್ ಚೆನ್ನಾಗಿ ಬರ್ಬೇಕಾದ್ರೆ ಯಾವ ಗೈಡ್ ಓದ್ಬೇಕು?" ಎಂದು ಕೇಳುತ್ತಾರೆ. ಗೈಡು ಬಿಡಿ, ಒಳ್ಳೆಯ ತೀರ್ಪುಗಳನ್ನು ಓದಿ ಎಂದರೆ, "ಓದ್ತೀವಲ್ಲ ಸಾರ್, ದಿನಾ ಹೆಡ್‌ನೋಟ್ ನೋಡ್ತೀವಿ" ಎನ್ನುತ್ತಾರೆ. ಹೆಡ್‌ನೋಟೆಂದರೆ, ಕೋರ್ಟಿನ ಮೆಟ್ಟಿಲು ಹತ್ತದ ಪುಣ್ಯವಂತರಿಗಾಗಿ ಹೇಳುತ್ತೇನೆ, ವರದಿಯಾದ ತೀರ್ಪಿನ ನೆತ್ತಿಯ ಮೇಲೆ ಅಚ್ಚು ಹಾಕುವವರು ಅಂಟಿಸುವ ನಾಲ್ಕು ಸಾಲಿನ ಸಾರಾಂಶ. ಅದನ್ನು ನೋಡಿ ತೀರ್ಪು ಓದಿದೆನೆನ್ನುವುದು ಲಗ್ನಪತ್ರಿಕೆ ಓದಿ ಊಟ ಚೆನ್ನಾಗಿತ್ತು ಎಂದ ಹಾಗೆ.

ಆದರೆ ಈ ಹುಡುಗರ ಮೇಲೆ ಪೂರ್ತಿ ತಪ್ಪು ಹೊರಿಸಲಾರೆ. ಉಣ್ಣದೆ ತೇಗುವ ಈ ವಿದ್ಯೆ ಅವರು ಕಂಡುಹಿಡಿದದ್ದಲ್ಲ. ನಾನು ಕೋಲಾರದಲ್ಲಿ ಸನ್ನದು ಹಿಡಿದು ನಿಂತ ಮೂವತ್ತರ ದಶಕದಲ್ಲೇ ಅದು ಪೂರ್ಣ ಪ್ರೌಢಾವಸ್ಥೆಯನ್ನು ತಲುಪಿತ್ತು. ತಲುಪಿಸಿದ ಮಹನೀಯರಲ್ಲಿ ಅಗ್ರಗಣ್ಯರು ನನ್ನ ಸೀನಿಯರು ಅನಂತಯ್ಯನವರು.

ಅನಂತಯ್ಯನವರು ಬಾಯಲ್ಲಿ ಮಾತಾಡುವಾಗ ನಮ್ಮ ನಿಮ್ಮಂತೆಯೇ ಮನುಷ್ಯರು. "ಕಾಫಿ ಆರೋಯ್ತು, ಇನ್ನೊಂದು ಲೋಟ ತಾರೇ" ಎಂದು ಮನೆಯವರಿಗೆ ಸ್ಪಷ್ಟವಾಗಿ ಹೇಳಬಲ್ಲವರಾಗಿದ್ದರು. ಕೈಗೆ ಲೇಖನಿ ಬಂದರೆ ಮಾತ್ರ ಏನೋ ಆವಾಹನೆಯಾಗುತ್ತಿತ್ತು. ಸದರಿ, ಮಜಕೂರು, ಮೇಲ್ಕಂಡ, ಕೆಳಕಂಡ, ಎಂಬುದಾಗಿಯೂ, ಅಲ್ಲವೆಂಬುದಾಗಿಯೂ! ವಾಕ್ಯಕ್ಕೆ ಪೂರ್ಣವಿರಾಮ ಹಾಕುವುದೆಂದರೆ ಎದುರು ಪಕ್ಷಕ್ಕೆ ರಿಯಾಯಿತಿ ಕೊಟ್ಟಂತೆ ಎಂದು ಅವರ ನಂಬಿಕೆ. ಅವರು ಹೇಳಿ ಬರೆಸಿದ್ದನ್ನು ಚೊಕ್ಕ ಪ್ರತಿ ಮಾಡುವವರು ನಮ್ಮ ಗುಮಾಸ್ತರಾದ ಬಾಷಾ ಸಾಹೇಬರು. ಕೈಬರಹ ಮುತ್ತಿನಂಥದ್ದು, ನಾಲಿಗೆ ಮೆಣಸಿನಕಾಯಿ. ಒಮ್ಮೆ ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು: "ಅರೆ ಸಾಮೀ, ಈ ವಾಕ್ಯ ಶುರು ಮಾಡಿದ್ದು ನಮಾಜಿಗೆ ಮುಂಚೆ. ನಮಾಜು ಮುಗ್ಸಿ ಬಂದೆ, ಊಟ ಮುಗ್ಸಿ ಬಂದೆ. ಇನ್ನೂ ಕರ್ತೃ ಯಾರು ಅಂತ ಗೊತ್ತಾಗ್ಲಿಲ್ಲ."

ಕಕ್ಷಿದಾರರಿಗೆ ಇದರಿಂದ ಬೇಸರವಾಗುತ್ತಿತ್ತೆಂದು ತಿಳಿಯಬೇಡಿ. ಹೆಮ್ಮೆಯಾಗುತ್ತಿತ್ತು. "ನಮ್ಮ ಅನಂತಯ್ಯನೋರು ಬರೆದ್ರೆ ಜಡ್ಜಿಗೂ ಅರ್ಥ ಆಗಾಕಿಲ್ಲ, ಅಂಥಾ ಬರವಣಿಗೆ!" ಎಂದು ಹೋಳೂರಿನ ಯಜಮಾನರೊಬ್ಬರು ಕೋರ್ಟಿನ ಮುಂದಿನ ಹೊಂಗೆ ಮರದಡಿ ನಾಲ್ಕು ಜನರೆದುರು ಕೊಂಡಾಡಿದ್ದನ್ನು ನಾನೇ ಕೇಳಿದ್ದೇನೆ. ಅರ್ಥವಾಗದ್ದಕ್ಕೆ ಕೈಮುಗಿಯುವ ಅಭ್ಯಾಸ ನಮ್ಮಲ್ಲಿ ದೇವಸ್ಥಾನದಿಂದ ಕೋರ್ಟಿಗೆ ಸುಲಭವಾಗಿ ವರ್ಗವಾಗಿದೆ.

ಇದರ ಫಲವನ್ನು ಮಾಲೂರಿನಲ್ಲಿ ಕಂಡೆವು. ಅಲ್ಲಿ ಹೆಂಚಿನ ವ್ಯಾಪಾರಿಯೊಬ್ಬನಿಗೆ ಅಂಗಡಿ ಖಾಲಿ ಮಾಡುವಂತೆ ಮಾಲೀಕನ ಪರವಾಗಿ ನಮ್ಮ ಆಫೀಸಿನಿಂದ ನೋಟೀಸು ಹೋಯಿತು. "ಮಹಾರಾಜರಾಜಶ್ರೀ" ಎಂದು ಆರಂಭವಾಗಿ, ಅಂಗಡಿಯ ನಾಲ್ಕು ದಿಕ್ಕುಗಳ ಚಕ್ಕುಬಂದಿಯನ್ನು ವರ್ಣಿಸಿ, ವ್ಯಾಪಾರಿಯ ದೀರ್ಘಕಾಲದ ಸ್ವಾಧೀನಾನುಭವವನ್ನು ವಿಸ್ತಾರವಾಗಿ ಉಲ್ಲೇಖಿಸಿ, ಖಾಲಿ ಮಾಡತಕ್ಕದ್ದೆಂಬ ಮಾತು ಹಿಂಬದಿಯಲ್ಲಿ ಸಹಿಯ ಪಕ್ಕ ಎಲ್ಲೋ ಒರಗಿ ಕುಳಿತಿತ್ತು. ವಾರ ಕಳೆಯುವಷ್ಟರಲ್ಲಿ ವ್ಯಾಪಾರಿ ರೈಲು ಹತ್ತಿ, ಬಾಳೆಹಣ್ಣಿನ ತಟ್ಟೆಯೊಂದಿಗೆ ನಮ್ಮ ಆಫೀಸಿಗೇ ಬಂದ.

"ಬಾಳಾ ಉಪ್ಕಾರ ಆಯ್ತು ಬುದ್ಧಿ. ನಮ್ ಅಂಗ್ಡಿನ ಇಷ್ಟ್ ಚೆನ್ನಾಗಿ ಯಾರೂ ಬರ್ದಿರ್ಲಿಲ್ಲ. ಊರ್ನಾಗೆ ಎಲ್ರಿಗೂ ಓದ್ಸಿದೆ" ಎಂದು ಅಡ್ಡಬಿದ್ದ.

ಖಾಲಿ ಮಾಡುವ ವಿಷಯ ತಿಳಿಸಲು ನಾಚಿಕೊಂಡು ಅನಂತಯ್ಯನವರು ಒಂದು ಬಾಳೆಹಣ್ಣು ತಿಂದರು. ಮರುವಾರ ಇನ್ನೊಂದು ನೋಟೀಸು ಹೋಯಿತು. ಅದು ಮೊದಲನೆಯದಕ್ಕಿಂತ ಉದ್ದವಾಗಿತ್ತು.

ಇಂಥ ಗುರುಕುಲದಲ್ಲಿದ್ದ ನನಗೆ ತೀರ್ಪನ್ನು ಪೂರ್ತಿ ಓದುವ ದುರಭ್ಯಾಸ ಅಂಟಿದ್ದು ಮುಳಬಾಗಿಲಿನ ಒಬ್ಬ ವಕೀಲರ ಕೃಪೆಯಿಂದ. ಅವರ ಹೆಸರು ಬೇಡ, ಮೊಮ್ಮಕ್ಕಳು ಈಗಲೂ ಪ್ರಾಕ್ಟೀಸಿನಲ್ಲಿದ್ದಾರೆ. ಆಗ ಕೋಲಾರಕ್ಕೆ ಹೊಸ ಮುನ್ಸೀಫರು ಬಂದಿದ್ದರು. ಸಣಕಲು ಮನುಷ್ಯ. ನಶ್ಯ ಏರಿಸಿ ಕಣ್ಣು ಮುಚ್ಚಿ ಕುಳಿತರೆ ನಿದ್ದೆಯೆಂದು ಹೊಸಬರು ಮೋಸಹೋಗುತ್ತಿದ್ದರು. ಮುಳಬಾಗಿಲಿನವರು ಇದ್ದಿಲು ಉರಿಸಿ ಓಡಿಸುತ್ತಿದ್ದ ಬಸ್ಸಿನಲ್ಲಿ ಮುಖಕ್ಕೆಲ್ಲ ಮಸಿ ಬಳಿದುಕೊಂಡು ಬಂದು, ದಪ್ಪ ಸಂಪುಟವೊಂದನ್ನು ಎತ್ತಿ ಹಿಡಿದು, ಹೆಡ್‌ನೋಟನ್ನು ಗಂಟೆ ಬಾರಿಸಿದಂತೆ ಓದಿದರು.

ಮುನ್ಸೀಫರು ಕಣ್ಣು ತೆರೆಯದೆ, "ಮುಂದೆ?" ಎಂದರು.

"ಇಷ್ಟೇ ಸ್ವಾಮಿ, ನನ್ನ ವಾದಕ್ಕೆ ಇಷ್ಟು ಸಾಕು."

"ನಿಮಗೆ ಸಾಕು. ನನಗೆ ಸಾಲದು. ಪುಟ ತಿರುವಿ, ಕಡೆಯ ಪ್ಯಾರಾ ಓದಿ."

ವಕೀಲರು ಓದತೊಡಗಿದರು. ಓದುತ್ತ ಓದುತ್ತ ಅವರ ಧ್ವನಿ ಇಳಿಯಿತು. ಅವರು ಆಧಾರವೆಂದು ತಂದ ತೀರ್ಪು ಅವರ ಕಕ್ಷಿದಾರನಂಥವನನ್ನೇ ಖರ್ಚು ಸಮೇತ ಸೋಲಿಸಿ ಮನೆಗೆ ಕಳಿಸಿತ್ತು. "ವಕೀಲರೇ, ಬಹಳ ಪ್ರಾಮಾಣಿಕರು ನೀವು. ಎದುರು ಪಕ್ಷದವರಿಗೆ ಶ್ರಮವಾಗದಿರಲೆಂದು ಅವರ ಪುಸ್ತಕವನ್ನೂ ನೀವೇ ಹೊತ್ತು ತಂದಿರಿ" ಎಂದರು ಮುನ್ಸೀಫರು. ಬಾರ್ ರೂಮಿನಲ್ಲಿ ನಾವೆಲ್ಲ ನಕ್ಕೆವು. ನಕ್ಕವರಲ್ಲಿ ಒಬ್ಬರೂ ಅಂದಿನವರೆಗೆ ಕಡೆಯ ಪ್ಯಾರಾ ಓದಿದವರಲ್ಲ.

ಅಂದು ಸಂಜೆ ಅದೇ ಸಂಪುಟ ತೆಗೆದು ಒಂದು ತೀರ್ಪನ್ನು ಮೊದಲಿನಿಂದ ಕಡೆಯವರೆಗೆ ಓದಿದೆ. ಎರಡು ಮನೆಗಳ ನಡುವಿನ ಒಂದು ಓಣಿಯ ಜಗಳ. ಬರೆದ ನ್ಯಾಯಾಧೀಶರು ಯಾರೆಂದು ನನಗೆ ಗೊತ್ತಿರಲಿಲ್ಲ. ಮೊದಲ ವಾಕ್ಯದಲ್ಲೇ ಯಾರು ಯಾರ ಮೇಲೆ ಏಕೆ ಜಗಳ ತೆಗೆದರೆಂಬುದು ತಿಳಿದುಹೋಯಿತು. ನಾನು ದಿಗ್ಭ್ರಾಂತನಾದೆ. ಇದೇನು, ಗುಟ್ಟನ್ನೆಲ್ಲ ಬಾಗಿಲಲ್ಲೇ ಬಿಟ್ಟುಕೊಟ್ಟರಲ್ಲ! ಆಮೇಲೆ ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳಿದ್ದರು. ಸೋಲಲಿದ್ದವನ ವಾದವನ್ನು ಅವನ ವಕೀಲನಿಗಿಂತ ಚೆನ್ನಾಗಿ ಹೇಳಿ, ಆಮೇಲೆ ಅದು ಏಕೆ ನಿಲ್ಲದೆಂದು ತೋರಿಸಿದ್ದರು. ಒಂದು ಕಡೆಯಲ್ಲೂ ಸಿಟ್ಟಿಲ್ಲ, ಬಿರುದಿಲ್ಲ. ಓದಿ ಮುಗಿಸಿದಾಗ ಆ ಓಣಿಯಲ್ಲಿ ನಾನೇ ನಡೆದು ಬಂದಂತಿತ್ತು.

ಅಂದಿನಿಂದ ನನ್ನ ಅಭ್ಯಾಸ ಹೀಗಾಯಿತು, ಬೇಕಾದವರು ಅನುಸರಿಸಿ, ಬೇಡವಾದವರು ಗೈಡು ಕೊಳ್ಳಿ. ಒಂದು ಒಳ್ಳೆಯ ತೀರ್ಪು ಓದುವುದು. ಪುಸ್ತಕ ಮುಚ್ಚಿ ಅದೇ ಜಗಳದ ಸಂಗತಿಗಳನ್ನು ನನ್ನ ಕನ್ನಡದಲ್ಲಿ ಬರೆಯುವುದು. ತೆರೆದು ಹೋಲಿಸಿದರೆ ಅವರು ಬಿಟ್ಟ ಎಷ್ಟೋ ಮಾತನ್ನು ನಾನು ಬರೆದಿರುತ್ತಿದ್ದೆ, ಅವರು ಬರೆದ ಮುಖ್ಯವಾದದ್ದನ್ನೇ ಬಿಟ್ಟಿರುತ್ತಿದ್ದೆ. ತಿದ್ದಿದ್ದನ್ನು ಬಾಷಾ ಸಾಹೇಬರಿಗೆ ಗಟ್ಟಿಯಾಗಿ ಓದುತ್ತಿದ್ದೆ. ಅವರು ಲೇಖನಿಯ ಮೊನೆ ಒರೆಸುತ್ತ, "ಯಾರು ಸಾಮೀ? ಯಾರಿಗೆ?" ಎಂದು ಕೇಳಿದ ಕಡೆಯಲ್ಲೆಲ್ಲ ಗೀಟು. ಕೆಟ್ಟ ತೀರ್ಪುಗಳನ್ನೂ ಓದುತ್ತಿದ್ದೆ. ಅವೂ ಉಪಯುಕ್ತ. ಎಲ್ಲಿ ಆಕಳಿಕೆ ಬಂತೋ ಅಲ್ಲಿ ಬರೆದವರಿಗೂ ವಿಷಯ ಗೊತ್ತಿರಲಿಲ್ಲವೆಂದು ಅರ್ಥ.

ಅನಂತಯ್ಯನವರ ಕಣ್ಣಿಗೆ ಇದು ಬಿತ್ತು. "ಏನಯ್ಯ, ಯಾವ ಕೇಸಿಗೆ ಓದ್ತಿದ್ದೀಯ?"

"ಯಾವ ಕೇಸಿಗೂ ಅಲ್ಲ ಸಾರ್. ಸುಮ್ನೆ, ಹೇಗೆ ಬರ್ದಿದಾರೆ ಅಂತ."

"ಸುಮ್ನೆ?" ಎಂದರು. ಮನೆಯ ಹುಡುಗ ಇಸ್ಪೀಟಿಗೆ ಬಿದ್ದನೆಂಬ ಸುದ್ದಿ ಕೇಳಿದವರ ಮುಖವಾಗಿತ್ತು ಅದು.

ಇನ್ನು ಚೌಡಮ್ಮನ ಪ್ರಕರಣ. ಇದನ್ನು ಹೇಳುವುದಕ್ಕಾಗಿಯೇ ಇಷ್ಟು ಪೀಠಿಕೆ ಹಾಕಿದ್ದು. ಸೀನಿಯರ ಶೈಲಿಯ ಸೋಂಕು ಇನ್ನೂ ಪೂರ್ತಿ ಬಿಟ್ಟಿಲ್ಲ ನೋಡಿ.

ಚೌಡಮ್ಮ ರಾಯಲ್ಪಾಡಿನ ಕಡೆಯ ಹಳ್ಳಿಯವಳು. ತಂದೆಗೆ ಒಬ್ಬಳೇ ಮಗಳಾದ್ದರಿಂದ ಜಮೀನು ಅವಳ ಪಾಲಿಗೆ ಬಂದಿತ್ತು. ಪಕ್ಕದ ಜಮೀನು ಅವಳ ದೊಡ್ಡಪ್ಪನ ಮಗ ಮುನಿಶಾಮಪ್ಪನದು. ಎರಡರ ಗಡಿಯ ಮೇಲೆ ಒಂದು ಬಾವಿ. ಒಂದು ದಿನ ಅವನು, ಮರುದಿನ ಇವಳು ಎತ್ತು ಕಟ್ಟಿ ಕಪಿಲೆ ಹೊಡೆದು ನೀರೆತ್ತುವುದು ಪಾಳಿ. ಯುದ್ಧದ ಕಾಲದಲ್ಲಿ ತರಕಾರಿಗೆ ಗಿರಾಕಿ ಹೆಚ್ಚಿದ ಮೇಲೆ ಮುನಿಶಾಮಪ್ಪನಿಗೆ ಒಂದು ದಿನದ ನೀರು ಸಾಲದಾಯಿತು. ಬಾವಿಯೆಲ್ಲ ತನ್ನದೇ ಎಂದು ಕೋಲಾರದಲ್ಲಿ ದಾವಾ ಹಾಕಿ, ದಾವಾ ತೀರುವವರೆಗೆ ಚೌಡಮ್ಮ ಬಾವಿಗೆ ಕಾಲಿಡದಂತೆ ತಾತ್ಕಾಲಿಕ ತಡೆಯಾಜ್ಞೆ ತಂದುಬಿಟ್ಟ.

ಶ್ರೀನಿವಾಸಪುರದಿಂದ ಪುಟ್ಟ ರೈಲು ಹತ್ತಿ ಚೌಡಮ್ಮ ಬಂದಳು. ಗೋಡೆಗೆ ಒರಗಿ ಕುಳಿತು ಮೊದಲು ಹೇಳಿದ ಮಾತು: "ಸ್ವಾಮೀ, ಬದನೆ ಗಿಡ ಹೂ ಬಿಟ್ಟವೆ. ಈಗ ನೀರು ತಪ್ಪಿದ್ರೆ ಎಲ್ಲಾ ಉದುರೋಯ್ತವೆ. ಏನಾನ ಮಾಡಿ, ನನ್ ಪಾಳಿ ನನಗೆ ಕೊಡ್ಸಿ."

"ಬಾವಿ ಯಾರದು?" ಎಂದರು ಅನಂತಯ್ಯನವರು.

"ಇಬ್ರದೂ ಸ್ವಾಮಿ. ನಮ್ಮಪ್ಪ, ಅವರಪ್ಪ, ಇಬ್ರೂ ಸೇರಿ..."

"ಗೊತ್ತಾಯ್ತು ಬಿಡಮ್ಮ." ಅವರಿಗೆ ಯಾವಾಗಲೂ ಅಷ್ಟರಲ್ಲೇ ಗೊತ್ತಾಗುತ್ತಿತ್ತು. ಮಾವನವರ ಕಾಲದಿಂದ ಬಳುವಳಿಯಾಗಿ ಬಂದ ಹಳೆಯ ಡ್ರಾಫ್ಟುಗಳ ಕಟ್ಟು ಬಿಚ್ಚಿಸಿದರು. ದಾವೆಗೆ ಪ್ರತಿವಾದಿ ಕೊಡುವ ಉತ್ತರಕ್ಕೆ ಜವಾಬು ಎನ್ನುತ್ತೇವೆ. ಆ ಕಟ್ಟಿನಲ್ಲಿದ್ದ ಜವಾಬುಗಳೆಲ್ಲ ಒಂದೇ ಮಂತ್ರದಿಂದ ಆರಂಭ: ದಾವೆಯಲ್ಲಿ ಹೇಳಿರುವ ಪ್ರತಿಯೊಂದು ಸಂಗತಿಯೂ ಸುಳ್ಳು, ಕಲ್ಪಿತ, ದುರುದ್ದೇಶಪೂರಿತ. ಅದರಂತೆ ಸದರಿ ಜಮೀನು ಸುಳ್ಳು, ಸದರಿ ಸರಹದ್ದು ಸುಳ್ಳು, ಸದರಿ ಸ್ಥಳದಲ್ಲಿ ಸದರಿ ಬಾವಿ ಎಂಬುದೊಂದಿದೆಯೆಂಬುದೂ ಶುದ್ಧ ಸುಳ್ಳು. ಇದಾದ ಮೇಲೆ ಬಹಳ ಕೆಳಗೆ, "ಒಂದು ವೇಳೆ ಬಾವಿ ಇದೆಯೆಂದು ಕಂಡುಬಂದಲ್ಲಿ" ಅದರಲ್ಲಿ ಪ್ರತಿವಾದಿಗೆ ಅರ್ಧ ಭಾಗವಿದೆ.

ನಾನು ತಡೆಯಲಾರದೆ, "ಸಾರ್, ಬಾವಿಯಲ್ಲಿ ಪಾಲು ಕೇಳ್ತಿರೋರು ನಾವು. ಬಾವಿಯೇ ಇಲ್ಲ ಅಂದ್ರೆ?" ಎಂದೆ.

"ಮೊದಲು ಎಲ್ಲಾ ಇಲ್ಲ ಅನ್ಬೇಕಯ್ಯ. ಇಲ್ಲ ಅನ್ನದೆ ಬಿಟ್ಟದ್ದನ್ನ ಒಪ್ಕೊಂಡ ಹಾಗೆ. ಆಮೇಲೆ 'ಒಂದು ವೇಳೆ' ಇದೆಯಲ್ಲ, ಅದು ಎಲ್ಲಾನೂ ನೋಡ್ಕೊಳ್ಳತ್ತೆ."

ಜವಾಬಿನ ತುದಿಯಲ್ಲಿ, ಮೇಲಿನ ಸಂಗತಿಗಳನ್ನೆಲ್ಲ ಓದಿಸಿ ಕೇಳಿ ಸತ್ಯವೆಂದು ಒಪ್ಪಿರುತ್ತೇನೆ ಎಂದು ಕಕ್ಷಿದಾರರ ಒಕ್ಕಣೆ ಇರುತ್ತದೆ. ಅದರ ಕೆಳಗೆ ಸಹಿ ಅಥವಾ ಹೆಬ್ಬೆಟ್ಟು. ಓದಿ ಹೇಳುವ ಪದ್ಧತಿ ಮಾತ್ರ ಇಡೀ ಜಿಲ್ಲೆಯಲ್ಲಿ ಯಾವ ಆಫೀಸಿನಲ್ಲೂ ಇರಲಿಲ್ಲ. ಬಾಷಾ ಸಾಹೇಬರು ಮಸಿ ಮುಂದಿಟ್ಟರು. ಚೌಡಮ್ಮ ಬೆರಳು ಚಾಚಿ ಕೇಳಿದಳು: "ಏನಂತ ಬರ್ದಿದ್ದೀರ ಸ್ವಾಮೀ?"

"ನಿನಗೆ ಬೇಕಾದ್ದೆಲ್ಲಾ ಇದೆ, ಒತ್ತು."

ಒತ್ತಿದಳು.

ಎದುರು ಪಕ್ಷದ ವಕೀಲರು ಪಟ್ಟಾಭಿರಾಮಯ್ಯನವರು. ಅವರೂ ಇಂಥದೇ ಒಂದು ಕಟ್ಟಿನ ವಾರಸುದಾರರು. ಆದ್ದರಿಂದ ಅವರ ದಾವೆಯಲ್ಲಿ ಸದರಿ ಬಾವಿಯನ್ನು ವಾದಿಯೂ ಅವನ ಪೂರ್ವಿಕರೂ "ಅನಾದಿ ಕಾಲದಿಂದ" ಅನುಭವಿಸಿಕೊಂಡು ಬಂದಿದ್ದರು. ತಡೆಯಾಜ್ಞೆ ತೆಗೆಯಬೇಕೆಂಬ ನಮ್ಮ ಅರ್ಜಿ ವಿಚಾರಣೆಗೆ ಬಂದಾಗ ಮುನ್ಸೀಫರು ಎರಡೂ ಕಾಗದಗಳನ್ನು ಪಕ್ಕಪಕ್ಕದಲ್ಲಿಟ್ಟುಕೊಂಡು ಒಂದು ಚಿಟಿಕೆ ನಶ್ಯ ಏರಿಸಿದರು.

"ಒಬ್ಬರು ಬಾವಿ ಸೃಷ್ಟಿಗೆ ಮುಂಚಿನಿಂದ ಇದೆ ಅಂತೀರಿ. ಇನ್ನೊಬ್ಬರು ಇನ್ನೂ ತೋಡೇ ಇಲ್ಲ ಅಂತೀರಿ. ಕೋರ್ಟು ಹಗ್ಗ ಹಿಡಿದು ಎಲ್ಲಿ ಇಳೀಬೇಕು?"

ಪಟ್ಟಾಭಿರಾಮಯ್ಯನವರು ದಡ್ಡರಲ್ಲ. ಥಟ್ಟನೆ ಎದ್ದರು. "ಸ್ವಾಮಿ, ಪ್ರತಿವಾದಿ ಸತ್ಯ ಪ್ರಮಾಣ ಮಾಡಿ ಬಾವಿ ಇಲ್ಲ ಅಂತ ಹೇಳಿದ್ದಾಳೆ. ಸಂತೋಷ. ಇಲ್ಲದ ಬಾವಿಯಿಂದ ನೀರು ಸೇದಬೇಡ ಅಂದ್ರೆ ಆಕೆಗೇನು ನಷ್ಟ?"

ಅನಂತಯ್ಯನವರು "ಒಂದು ವೇಳೆ" ಎಂದು ಆರಂಭಿಸಿದರು. ಮುನ್ಸೀಫರು ಕೈ ಎತ್ತಿ ನಿಲ್ಲಿಸಿ, ಹಿಂದೆ ನಿಂತಿದ್ದ ಚೌಡಮ್ಮನನ್ನು ಕರೆದರು.

"ಈ ಹೆಬ್ಬೆಟ್ಟು ನಿನ್ನದೇನಮ್ಮ?"

"ಅವುನು ಸ್ವಾಮೀ, ನಂದೇ."

"ಬಾವಿ ಇಲ್ಲ ಅಂತ ಇದರಲ್ಲಿ ಹೇಳಿದ್ದೀಯ."

ಚೌಡಮ್ಮ ಅನಂತಯ್ಯನವರ ಮುಖ ನೋಡಿದಳು, ಮುನ್ಸೀಫರ ಮುಖ ನೋಡಿದಳು. "ಬಾವಿ ಇಲ್ದೆ ನಾನ್ಯಾಕೆ ಸ್ವಾಮೀ ಇಲ್ಲಿಗ್ ಬರ್ಲಿ?"

ಕೋರ್ಟು ಹಾಲಿನಲ್ಲಿ ನಗು ಎದ್ದಿತು. ಮುನ್ಸೀಫರು ನಗಲಿಲ್ಲ. ಪ್ರಮಾಣ ಮಾಡಿ ಬರೆದದ್ದು ಒಂದು, ಬಾಯಲ್ಲಿ ಹೇಳುವುದು ಇನ್ನೊಂದು, ಇಂಥ ಜವಾಬಿನ ಮೇಲೆ ತಡೆಯಾಜ್ಞೆ ತೆಗೆಯಲಾರೆ, ಬೇಕಾದರೆ ಜವಾಬು ತಿದ್ದಿಕೊಂಡು ಬನ್ನಿ ಎಂದು ಮುಂದಿನ ವಾರಕ್ಕೆ ಹಾಕಿದರು. ಅಲ್ಲಿಯವರೆಗೆ ನೀರಿಲ್ಲ.

ಹೊಂಗೆ ಮರದ ಕೆಳಗೆ ಅನಂತಯ್ಯನವರು ಅವಳಿಗೆ ಕಾನೂನಿನ ಸೂಕ್ಷ್ಮಗಳನ್ನು ವಿವರಿಸಿದರು. ಅವಳು ಪೂರ್ತಿ ಕೇಳಿ ಹೇಳಿದಳು: "ಅವೆಲ್ಲಾ ನನಗ್ ತಿಳಿಯಲ್ಲ ಸ್ವಾಮೀ. ಬೆಟ್ಟು ನಂದು, ಸುಳ್ಳು ನಿಮ್ದು. ಊರ್ನಾಗೆ ನನ್ನ ಮಾತು ಅಂದ್ರೆ ಮಾತು ಅಂತಿದ್ರು. ಮುನಿಶಾಮಿ ಎಲ್ರಿಗೂ ಹೇಳ್ತಾನೆ, ಚೌಡಿ ಕೋರ್ಟ್ನಾಗೆ ನಿಂತ್ಕೊಂಡು ಬಾವೀನೇ ನುಂಗಾಕ್ಬಿಟ್ಲು ಅಂತ. ಏನ್ ಮೊಕ ಇಟ್ಕೊಂಡ್ ಹೋಗ್ಲಿ?"

ಆಫೀಸಿಗೆ ಮರಳಿದ ಮೇಲೆ ಅನಂತಯ್ಯನವರು ಜವಾಬನ್ನು ನನ್ನ ಮುಂದೆ ಎಸೆದರು. "ಸುಮ್ನೆ ಓದ್ತಿರ್ತೀಯಲ್ಲ, ಹೇಗೆ ಬರ್ದಿದಾರೆ ಅಂತ. ಬರಿ, ನೋಡೋಣ. ಈ ಮುನ್ಸೀಫರಿಗೆ ಶಾಸ್ತ್ರೀಯವಾದ್ದು ಪಥ್ಯ ಆಗಲ್ಲ. ಬಾಲಬೋಧೆ ಬೇಕು."

ಬರೆಯಲು ಕೂತೆ. ಕಣ್ಣಮುಂದೆ ಆ ಓಣಿಯ ತೀರ್ಪಿತ್ತು. ಯಾರು, ಯಾರ ಮೇಲೆ, ಏಕೆ. ನಡೆದದ್ದು ನಡೆದ ಕ್ರಮದಲ್ಲಿ. ಬರೆದು ಚೌಡಮ್ಮನನ್ನು ಕೂರಿಸಿಕೊಂಡು ಓದಿ ಹೇಳಲಾರಂಭಿಸಿದೆ. ಬಾಷಾ ಸಾಹೇಬರು ತಾವು ಅದುವರೆಗೆ ನೋಡದ ಪವಾಡವನ್ನು ನೋಡಲು ಲೇಖನಿ ಕೆಳಗಿಟ್ಟರು.

"ಈ ಬಾವಿಯನ್ನು ವಾದಿಯ ತಂದೆಯೂ ಪ್ರತಿವಾದಿಯ ತಂದೆಯೂ ಕೂಲಿಯಾಳುಗಳನ್ನು ಇಟ್ಟು ತೆಗೆಸಿದರು" ಎಂದು ಓದುವಷ್ಟರಲ್ಲಿ ಅವಳು ಕೈಯಾಡಿಸಿದಳು.

"ಕೂಲಿಯೋರಾ? ಯಾವ ಕೂಲಿಯೋರು ಸ್ವಾಮೀ? ಅಷ್ಟ್ ದೊಡ್ಡೋರಾಗಿದ್ವಾ ನಾವು? ನಮ್ಮಪ್ಪ, ದೊಡ್ಡಪ್ಪ, ಇಬ್ರೇ ಹಾರೆ ಹಿಡಿದು ಇಳಿದೋರು."

ಕೂಲಿಯಾಳುಗಳನ್ನು ನಾನೆಲ್ಲಿಂದ ತಂದೆ? ಎಲ್ಲ ದಾವೆಗಳಲ್ಲೂ ಬಾವಿ ತೆಗೆಸುವವರು ಕೂಲಿಯಾಳುಗಳನ್ನು ಇಟ್ಟೇ ತೆಗೆಸುತ್ತಿದ್ದರು, ಅಷ್ಟೇ. ಆ ಹಳೆಯ ಕಟ್ಟು ನನ್ನೊಳಗೂ ಒಂದಿತ್ತು.

"ಮತ್ತೆ ಮಣ್ಣು ಹೊತ್ತೋರು ಯಾರು?" ಎಂದೆ.

"ನಾವೇ. ನಾನೂ, ಆ ಮುನಿಶಾಮೀನೂ. ಸಣ್ಣೋರು ಆಗ. ಮಂಕರಿ ತಲೆ ಮೇಲೆ ಇಟ್ಕೊಂಡು ಹತ್ತೋದು, ಇಳಿಯೋದು. ನೀರು ಕಂಡ ದಿನ ಇಬ್ರೂ ಕೆಸರಿನಾಗೆ ಬಿದ್ದು ಹೊರಳಾಡಿದ್ವಿ. ನಮ್ಮಮ್ಮ ಇಬ್ರಿಗೂ ಏಟು ಕೊಟ್ಲು."

"ಇದನ್ನ ಮೊದಲೇ ಯಾಕಮ್ಮ ಹೇಳ್ಲಿಲ್ಲ?"

"ಹೇಳೋಕ್ ಬಿಟ್ರಾ ನೀವು? 'ಗೊತ್ತಾಯ್ತು ಬಿಡಮ್ಮ' ಅಂದ್ರು ನಿಮ್ಮ ದೊಡ್ಡ ಸ್ವಾಮಿಗಳು."

ಬಾಷಾ ಸಾಹೇಬರು ಕೆಮ್ಮಿದರು. ಕೆಮ್ಮಿನೊಳಗೆ ನಗುವಿತ್ತು. ನಾನು ಗೀಟು ಹಾಕಿ ಮತ್ತೆ ಬರೆದೆ. ಈಗ ಅದು ಹೀಗಿತ್ತು:

"ಈ ಬಾವಿಯನ್ನು ವಾದಿಯ ತಂದೆಯೂ ಪ್ರತಿವಾದಿಯ ತಂದೆಯೂ ತಮ್ಮ ಕೈಯಾರೆ ತೋಡಿದರು. ಮಣ್ಣು ಹೊತ್ತವರು ವಾದಿ ಮತ್ತು ಪ್ರತಿವಾದಿ. ಅಂದಿನಿಂದ ಕಳೆದ ಸುಗ್ಗಿಯವರೆಗೆ ಒಂದು ದಿನ ವಾದಿ, ಮರುದಿನ ಪ್ರತಿವಾದಿ ನೀರೆತ್ತಿದ್ದಾರೆ. ಸುಗ್ಗಿಯಾದ ಮೇಲೆ ವಾದಿ ಪ್ರತಿವಾದಿಯ ಕಪಿಲೆ ಹಗ್ಗವನ್ನು ಕಳಚಿ ಹಾಕಿದನು. ವಾದಿಯ ದಿನದ ನೀರು ಪ್ರತಿವಾದಿಗೆ ಬೇಡ. ತನ್ನ ದಿನದ ನೀರು ಬೇಕು."

ಬಾಷಾ ಸಾಹೇಬರು ಚೊಕ್ಕ ಪ್ರತಿ ಮಾಡಿ ಮುಗಿಸಿ, ಕಾಗದದ ಹಿಂಬದಿ ತಿರುವಿ ನೋಡಿದರು. "ಆಯ್ತಾ? ಇಷ್ಟೇನಾ? ಚಹಾ ಇನ್ನೂ ಬಿಸಿ ಇದೆಯಲ್ಲ ಸಾಮೀ!"

ಅನಂತಯ್ಯನವರು ಅದನ್ನು ಎರಡು ಬೆರಳುಗಳ ತುದಿಯಲ್ಲಿ ಹಿಡಿದು ಓದಿದರು. "ಇದು ಜವಾಬೇನಯ್ಯ? ಹೆಂಗಸರು ನಲ್ಲಿ ಹತ್ತಿರ ಮಾತಾಡ್ಕೊಳ್ಳೋ ಹಾಗಿದೆ. ಮಜಕೂರು ಎಲ್ಲಿ? ಒಂದು ಸದರಿಯೂ ಇಲ್ಲವಲ್ಲ! ಓದಿದೋರು ನಮ್ಮನ್ನ ಏನಂದ್ಕೋತಾರೆ?" ಎಂದು ಬಹಳ ನೊಂದುಕೊಂಡರು. ವಿಚಾರಣೆಯ ದಿನದ ವಾದವನ್ನೂ ನನಗೇ ಬಿಟ್ಟು, ಆ ಕಾಗದದೊಂದಿಗೆ ತಮ್ಮ ಹೆಸರು ಸೇರದಂತೆ ಬಾರ್ ರೂಮಿನಲ್ಲಿ ಉಳಿದರು.

ಮುಂದಿನ ವಾರ ಮುನ್ಸೀಫರು ಜವಾಬು ಓದಿದರು. ಇನ್ನೊಮ್ಮೆ ಓದಿದರು. ನಶ್ಯದ ಡಬ್ಬಿಯ ಕಡೆ ಹೋದ ಕೈ ಅಲ್ಲೇ ನಿಂತಿತು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಪಟ್ಟಾಭಿರಾಮಯ್ಯನವರು "ಅನಾದಿ ಕಾಲದಿಂದ" ಎಂದು ಏಳುವಷ್ಟರಲ್ಲಿ, "ನೀವು ಕೂತ್ಕೊಳ್ಳಿ, ನಿಮ್ಮ ಕಕ್ಷಿದಾರನ್ನ ಕರೀರಿ" ಎಂದರು.

ಮುನಿಶಾಮಪ್ಪ ಬಂದು ನಿಂತ. ಒಳ್ಳೆಯ ಆಳ್ತನದ ಮನುಷ್ಯ, ರುಮಾಲು ಕೈಯಲ್ಲಿ ಹಿಸುಕುತ್ತಿದ್ದ.

"ಈ ಬಾವಿ ತೋಡುವಾಗ ನೀನು ಮಣ್ಣು ಹೊತ್ತೆಯೇನಪ್ಪ?"

"ಹೊತ್ತೆ ಸ್ವಾಮೀ."

"ಇವಳು?"

ಪಟ್ಟಾಭಿರಾಮಯ್ಯನವರು ಕೆಮ್ಮಿ ಸನ್ನೆ ಮಾಡಿದರು. ಇಲ್ಲವೆನ್ನುವುದು ಕಷ್ಟವಿರಲಿಲ್ಲ. ಸಾಕ್ಷಿಗಳಾದ ತಂದೆಯರಿಬ್ಬರೂ ತೀರಿಕೊಂಡಿದ್ದರು. ಬಾವಿಯಲ್ಲಿ ಹಕ್ಕು, ಸ್ವಾಧೀನ, ಅನುಭವ ಎಂದು ಕೇಳಿದ್ದರೆ ಮುನಿಶಾಮಪ್ಪ ವಕೀಲರು ಕಲಿಸಿದ್ದನ್ನು ಗಿಳಿಯಂತೆ ಒಪ್ಪಿಸುತ್ತಿದ್ದ. ಆ ಮಾತುಗಳು ಅವನವಲ್ಲ, ಅವುಗಳಲ್ಲಿ ಸುಳ್ಳು ಹೇಳಿದರೆ ಅವನಿಗೆ ಏನೂ ತಾಗುತ್ತಿರಲಿಲ್ಲ. ಮಣ್ಣು ಹೊತ್ತ ಮಾತು ಮಾತ್ರ ಅವನದೇ. ಅವನು ಚೌಡಮ್ಮನ ಕಡೆ ನೋಡಿದ. ಅವಳು ಅವನನ್ನೇ ನೋಡುತ್ತಿದ್ದಳು.

"ಚೆಪ್ಪು ಅಣ್ಣಾ" ಎಂದಳು. ಹೇಳಣ್ಣ ಎಂದು. ಮನೆಯಲ್ಲಿ ಅವರಾಡುವ ಮಾತು ತೆಲುಗು.

"ಹೊತ್ತಳು ಸ್ವಾಮೀ" ಎಂದ ಮುನಿಶಾಮಪ್ಪ. "ನನಗಿಂತ ಜಾಸ್ತೀನೇ ಹೊತ್ತಳು. ನನಗೆ ಆಗ ಜ್ವರ ಬರ್ತಿತ್ತು."

ಪಟ್ಟಾಭಿರಾಮಯ್ಯನವರು ಕುಳಿತರು. ತಡೆಯಾಜ್ಞೆ ಅಲ್ಲೇ ರದ್ದಾಯಿತು. ಅಂದಿನ ಪುಟ್ಟ ರೈಲಿನಲ್ಲಿ ಅಣ್ಣ ತಂಗಿ ಇಬ್ಬರೂ ಒಂದೇ ಡಬ್ಬಿಯಲ್ಲಿ ಹೋದರೆಂದೂ, ಒಬ್ಬರನ್ನೊಬ್ಬರು ಮಾತಾಡಿಸಲಿಲ್ಲವೆಂದೂ ಆಮೇಲೆ ಕೇಳಿದೆ. ದಾವಾ ನಡೆಯುತ್ತಲೇ ಹೋಯಿತು, ದಾವೆಗೆ ಅದರದೇ ಆಯುಸ್ಸು ಇರುತ್ತದೆ. ಕಡೆಗೆ ತೀರ್ಪು ಬಂತು: ಬಾವಿ ಇಬ್ಬರದು, ಪಾಳಿ ಹಿಂದಿನಂತೆ.

ಆ ತೀರ್ಪನ್ನು ಬಾರ್ ರೂಮಿನ ಬೆಂಚಿನ ಮೇಲೆ ಕುಳಿತು ಓದಿದೆ. ಇಂಗ್ಲಿಷಿನಲ್ಲಿತ್ತು. ಸಂಗತಿಗಳನ್ನು ಹೇಳುವ ಪ್ಯಾರಾಕ್ಕೆ ಬಂದಾಗ ಎಲ್ಲೋ ಕೇಳಿದ ದನಿ ಅನ್ನಿಸಿತು. ನನ್ನ ಜವಾಬಿನ ವಾಕ್ಯಗಳು, ಅದೇ ಕ್ರಮದಲ್ಲಿ, ಇಂಗ್ಲಿಷ್ ಉಡುಪಿನಲ್ಲಿ ನಿಂತಿದ್ದವು. ನನ್ನ ಹೆಸರಿರಲಿಲ್ಲ, ಇರುವ ರೂಢಿಯೂ ಇಲ್ಲ. ವಕೀಲಿ ವೃತ್ತಿಯಲ್ಲಿ ಅದಕ್ಕಿಂತ ದೊಡ್ಡ ಮಾನಪತ್ರ ನನಗೆ ಸಿಗಲಿಲ್ಲ, ಕೇಳಲೂ ಇಲ್ಲ.

ಇದರಿಂದ ನಮ್ಮ ಆಫೀಸು ಸುಧಾರಿಸಿತೆಂದು ನೀವು ಆಶಿಸುತ್ತಿದ್ದರೆ ನಿಮಗೆ ವೃತ್ತಿಯ ಪರಿಚಯ ಸಾಲದು. ಅನಂತಯ್ಯನವರು ಅದನ್ನು "ನಮ್ಮ ಆಫೀಸಿನಿಂದ ಹೋದ ಜವಾಬು" ಎಂದು ಹೊಂಗೆ ಮರದಡಿ ಎಲ್ಲರಿಗೂ ಹೇಳಿದರು. ಮರುದಿನವೇ ಸುಗಟೂರಿನ ಒಂದು ಕೇಸಿನಲ್ಲಿ ಕಟ್ಟು ಬಿಚ್ಚಿಸಿ, ತನ್ನ ಮನೆಯ ಹಿತ್ತಿಲಿಗಾಗಿ ಹೋರಾಡುತ್ತಿದ್ದ ಒಬ್ಬ ಬಡಪಾಯಿಯ ಪರವಾಗಿ, ಸದರಿ ಮನೆಯೆಂಬುದೇ ಅಸ್ತಿತ್ವದಲ್ಲಿಲ್ಲವೆಂದು ಬರೆಸಿದರು. ಈಗಿನ ಹುಡುಗರ ಗೈಡು ತೆರೆದು ನೋಡಿದೆ. ಆ ಕಟ್ಟೇ. ಅಚ್ಚಾಗಿದೆ, ಅಷ್ಟೇ ವ್ಯತ್ಯಾಸ.

ತೀರ್ಪಿನ ನಕಲು ತೆಗೆದುಕೊಳ್ಳಲು ಚೌಡಮ್ಮ ಬೆಳಗಿನ ರೈಲಿಗೇ ಬಂದಳು. ನಮ್ಮ ಆಫೀಸಿನಲ್ಲಿ ಯಾವ ಕಾಗದವನ್ನೂ ಓದಿಸದೆ ಮುಟ್ಟುವುದಿಲ್ಲವೆಂದು ಆಗಲೇ ನಿಶ್ಚಯ ಮಾಡಿಕೊಂಡಿದ್ದಳು. "ಓದಿ ಸ್ವಾಮೀ" ಎಂದು ಗೋಡೆಗೆ ಒರಗಿ ಕೂತಳು. ನಾನು ಆ ಪ್ಯಾರಾವನ್ನು ಕನ್ನಡ ಮಾಡಿ, ಸ್ವಲ್ಪ ಧ್ವನಿ ಏರಿಸಿಯೇ ಓದಿದೆ ಎನ್ನಿ. ಇಬ್ಬರ ತಂದೆಯರು ತೋಡಿದರು. ಇಬ್ಬರು ಮಕ್ಕಳು ಮಣ್ಣು ಹೊತ್ತರು. ಒಂದು ದಿನ ಅವನು, ಒಂದು ದಿನ ಇವಳು.

ಚೌಡಮ್ಮ ಕೇಳಿ ಮುಗಿಸಿ, ಇನ್ನೇನಾದರೂ ಇದೆಯೇನೋ ಎಂದು ಕತ್ತು ಚಾಚಿ ಕಾಗದ ನೋಡಿದಳು.

"ಇದು ನಾನು ಹೇಳಿದ್ದೇ ಅಲ್ವಾ ಸ್ವಾಮೀ?"

"ಹೌದಮ್ಮ, ನೀನು ಹೇಳಿದ್ದೇ."

"ಇಷ್ಟಕ್ಕೆ ನೀವೆಲ್ಲಾ ಅಷ್ಟ್ ಓದ್ಬೇಕಾ?"

ಅವಳು ನಕಲನ್ನು ಸೆರಗಿನಲ್ಲಿ ಕಟ್ಟಿಕೊಂಡು ಎದ್ದಳು. "ಬರ್ತೀನಿ ಸ್ವಾಮೀ. ರೈಲು ತಪ್ಪೋಯ್ತದೆ. ಇವತ್ತು ನನ್ ಪಾಳಿ."